ಎತ್ತದ ಫೋನಿಗೆ ಖರ್ಚಿಲ್ಲ

ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಓದಿದವರು, ಮೊಬೈಲಿನಲ್ಲೇ ದುಡ್ಡು ಕಳಿಸುವವರು ಕೂಡ ಆ ಒಂದು ಹೆಸರು ಬಂದ ಕೂಡಲೇ ನಾಲಿಗೆ ಕಚ್ಚಿಕೊಳ್ಳುತ್ತಾರೆ. "ನಮ್ಮ ಮನಿಯವ್ರಿಗೆ ಒಂದೀಟ ಕೊಡ್ರಿ" ಎನ್ನುತ್ತಾರೆ. ಯಾವ ಮನೆ, ಯಾವ ಊರು ಎಂದು ಕೇಳಿದರೆ "ನಾನ್ರಿ ಅಕ್ಕಾರ, ಗುರ್ತ ಹತ್ತಲಿಲ್ಲೇನ್ರಿ?" ಎಂದು ನನ್ನ ಮೇಲೇ ಮುನಿಸಿಕೊಳ್ಳುತ್ತಾರೆ. ಒಂದು ಸಕ್ಕರೆ ಕಾರ್ಖಾನೆಯ ಟೆಲಿಫೋನ್ ಬೋರ್ಡಿನ ಮುಂದೆ ಹೆಡ್‌ಸೆಟ್ ಹಾಕಿಕೊಂಡು ಕೂತು ನನ್ನ ಅರ್ಧ ಆಯುಷ್ಯ ಕಳೆದಿದೆ. ದನಿ ಕೇಳಿ ಮನೆ ಗುರುತಿಸುವುದೇ ನನ್ನ ಕೆಲಸ ಎಂದರೂ ತಪ್ಪಲ್ಲ. ಪಗಾರ ಮಾತ್ರ ಫೋನ್ ಜೋಡಿಸುವುದಕ್ಕೆ ಕೊಡುತ್ತಾರೆ.

ಯಾವ ಕಾರ್ಖಾನೆ ಎಂದು ಹೇಳುವುದಿಲ್ಲ. ಚಿಕ್ಕೋಡಿಯಿಂದ ಅಥಣಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಚಿಮಣಿಗಳಿಗೇನೂ ಕೊರತೆ ಇಲ್ಲ, ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಿ. ನಾನು ನಿಪ್ಪಾಣಿಯ ಹುಡುಗಿ. ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಎರಡೂ ಕಲಸಿದ್ದು. ಸಂದರ್ಶನಕ್ಕೆ ಕೂತವರು ನನಗೆ ಎರಡು ಭಾಷೆ ಬರುತ್ತದೆ, ದನಿ ಗಟ್ಟಿ ಇದೆ ಎಂದು ನೋಡಿದರು. ಸಿಟ್ಟು ಎಷ್ಟಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ನಾನೂ ಸುಳ್ಳು ಹೇಳುತ್ತಿರಲಿಲ್ಲ.

ಎಲ್ಲರ ಕೈಯಲ್ಲೂ ಮೊಬೈಲಿರುವ ಈ ಕಾಲದಲ್ಲಿ ಬೋರ್ಡು ಯಾಕೆ ಬೇಕು ಎಂದು ನನ್ನ ಸೊಸೆ ಕೂಡ ಕೇಳುತ್ತಾಳೆ. ಬೇಕು. ನಮ್ಮ ಕಾರ್ಖಾನೆ ಈಗ ಬರೀ ಸಕ್ಕರೆಯದಲ್ಲ. ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾಡಿ ಸರ್ಕಾರದ ತಂತಿಗೆ ಮಾರುತ್ತಾರೆ. ಕಾಕಂಬಿಯಿಂದ ಸ್ಪಿರಿಟ್ ತೆಗೆಯುವ ಡಿಸ್ಟಿಲರಿ ಬೇರೆ ಇದೆ. ಅಲ್ಲಿ ಒಂದು ಕಿಡಿ ಬಿದ್ದರೆ ಊರಿಗೆ ಊರೇ ಎದ್ದು ಕೂರಬೇಕಾಗುತ್ತದೆ, ಹಾಗಾಗಿ ಒಳಗೆ ಹೋಗುವವರ ಮೊಬೈಲನ್ನೆಲ್ಲ ಗೇಟಿನಲ್ಲೇ ಇಸಿದುಕೊಂಡು ಬೀಗ ಹಾಕುತ್ತಾರೆ. ಟರ್ಬೈನ್ ಹತ್ತಿರ ಮೊಬೈಲಿದ್ದರೂ ಸದ್ದಿನಲ್ಲಿ ಕೇಳಿಸುವುದಿಲ್ಲ. ಅಲ್ಲೆಲ್ಲ ಗೋಡೆಗೆ ನಮ್ಮ ಫೋನಿವೆ, ದೊಡ್ಡ ಗಂಟೆಯವು, ಬಡಿದರೆ ಎದೆ ನಡುಗುವಂಥವು. ಒಳಗೆ ಹೋದ ಗಂಡಸು ಪಾಳಿ ಮುಗಿಯುವವರೆಗೆ ಮನೆಯವರಿಗೆ ಸಿಗಬೇಕಾದರೆ ದಾರಿ ಒಂದೇ, ನಾನು.

ರೈತರದ್ದು ಇನ್ನೊಂದು ಕತೆ. ಅವರಲ್ಲಿ ಎಲ್ಲ ಅಧಿಕಾರಿಗಳ ಮೊಬೈಲ್ ನಂಬರೂ ಇರುತ್ತದೆ, ಆದರೆ ಗುರುತಿಲ್ಲದ ನಂಬರನ್ನು ಯಾವ ಅಧಿಕಾರಿ ಎತ್ತುತ್ತಾನೆ? ರಾಯಬಾಗದಿಂದ, ಕಾಗವಾಡದಿಂದ, ಭೋಜದ ಆಚೆಯ ಗಡಿ ಊರುಗಳಿಂದ ಬೋರ್ಡಿಗೆ ಫೋನು ಬರುತ್ತದೆ. "ಅಕ್ಕಾರ, ನಮ್ಮ ತೋಟಕ್ಕ ಟೋಳಿ ಯಾವಾಗ ಬರ್ತೈತ್ರಿ? ಕಬ್ಬ ತುರಾಯಿ ಬಿಟ್ಟು ನಿಂತೈತಿ." ಕಬ್ಬು ಕಡಿಯುವ ಟೋಳಿ ಕಳಿಸುವುದು ನನ್ನ ಕೈಯಲ್ಲಿಲ್ಲ. ಆದರೆ ಕಳಿಸುವವನ ಟೇಬಲ್ಲಿನ ಫೋನು ಅವನು ಎತ್ತುವ ತನಕ ಬಡಿಯುವಂತೆ ಮಾಡುವುದು ನನ್ನ ಕೈಯಲ್ಲಿದೆ. ಅದನ್ನು ನಾನು ಮನಸಾರೆ ಮಾಡುತ್ತೇನೆ.

ಇಂಥ ಬೋರ್ಡಿಗೆ ಕುತ್ತು ಬಂದದ್ದು ಕರೆಂಟಿನ ದೆಸೆಯಿಂದ.

ಹಳೆಯ ಬೋರ್ಡು ಸಿಡಿಲಿಗೆ ಸುಟ್ಟುಹೋಗಿ ಹೊಸದು ತಂದಿದ್ದರು. ಅದೇ ಹೊತ್ತಿಗೆ ಸರಿಯಾಗಿ, ಕರೆಂಟಿನ ದರ ಗೊತ್ತುಮಾಡುವ ಬೆಂಗಳೂರಿನ ಮೇಲಿನವರು ಒಂದು ಪ್ರಶ್ನೆ ಕೇಳಿ ಕಳಿಸಿದರು. ನೀವು ಕರೆಂಟಿಗೆ ಇಷ್ಟು ಖರ್ಚಾಯಿತು ಎನ್ನುತ್ತೀರಲ್ಲ, ಅದರಲ್ಲಿ ಸಕ್ಕರೆಯ ಖರ್ಚು ಎಷ್ಟು ಸೇರಿಸಿದ್ದೀರಿ? ಮೂರಕ್ಕೂ ಸೇರಿದ ಖರ್ಚನ್ನು ಯಾವ ಆಧಾರದ ಮೇಲೆ ಹಂಚಿದ್ದೀರಿ, ತೋರಿಸಿ. ಕೇಳಿದ್ದು ತಪ್ಪೇನಲ್ಲ. ಸಕ್ಕರೆಯ ಖರ್ಚನ್ನು ಕರೆಂಟಿನ ಬಿಲ್ಲಿಗೆ ಸೇರಿಸಿದರೆ ಅದನ್ನು ಕಟ್ಟುವವರು ಮನೆಯಲ್ಲಿ ದೀಪ ಹಚ್ಚುವ ಜನವೇ. ಅವರ ಪ್ರಶ್ನೆಯ ಮೇಲೆ ನನಗೆ ಸಿಟ್ಟಿಲ್ಲ. ಉತ್ತರ ಕೊಡಲು ಹೊರಟ ನಮ್ಮವರ ಮೇಲೆ ಇವತ್ತಿಗೂ ಇದೆ.

ಹಂಚಿಕೆ ಮಾಡಲು ಬೆಳಗಾವಿಯಿಂದ ಒಬ್ಬ ಕಾಸ್ಟ್ ಅಕೌಂಟೆಂಟ್ ಬಂದರು. ನಾವೆಲ್ಲ ಅವರನ್ನು ಲೆಕ್ಕದವರು ಎಂದೇ ಕರೆದೆವು. ಸಣ್ಣ ದನಿಯ, ಮಜ್ಜಿಗೆ ಮಾತ್ರ ಕುಡಿಯುವ, ಯಾರಿಗೂ ಏರಿಸಿ ಮಾತಾಡದ ಮನುಷ್ಯ. ಅವರು ಕಂಡದ್ದನ್ನೆಲ್ಲ ಮೂರು ಪಾಲು ಮಾಡುತ್ತ ಬಂದರು. ಕಟ್ಟಡವನ್ನು ನೆಲದ ಅಳತೆಯ ಮೇಲೆ, ಬಸ್ಸನ್ನು ಕೂರುವ ಜನರ ಮೇಲೆ, ಕ್ಯಾಂಟೀನನ್ನು ಚಹಾದ ಮೇಲೆ. ಗೇಟಿನ ಪಕ್ಕದ ಗಣಪತಿ ಗುಡಿಯ ಮುಂದೆ ಮಾತ್ರ ಒಂದು ಗಳಿಗೆ ನಿಂತು, ಕೈಮುಗಿದು, ಬರೆಯದೆ ಮುಂದೆ ಹೋದರಂತೆ. ಆಮೇಲೆ ನನ್ನ ಕೋಣೆಗೆ ಬಂದರು.

"ಬಾಯಾರ, ನಿಮ್ಮ ಬೋರ್ಡ್ ಯಾರಿಗೆ ಸೇರಿದ್ದು?" ಎಂದು ಕೇಳಿದರು.

"ಫೋನ್ ಮಾಡಾವ್ರಿಗೆ ಸೇರಿದ್ದರಿ" ಎಂದೆ.

ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಕೂತು ಸಮಾಧಾನದಿಂದ ವಿವರಿಸಿದರು. ಬೋರ್ಡಿನ ಬೆಲೆ, ಅದರ ಸವಕಳಿ, ತಂತಿ, ಬ್ಯಾಟರಿ, ನನ್ನ ಪಗಾರ, ಎಲ್ಲ ಸೇರಿ ಒಂದು ಖರ್ಚು. ಅದನ್ನು ಸಕ್ಕರೆ, ಕರೆಂಟು, ಸ್ಪಿರಿಟ್ ಈ ಮೂರು ಬಾಬ್ತಿಗೆ ಹಚ್ಚಬೇಕು. ಯಾವ ಖಾತೆಯವರು ಎಷ್ಟು ಕರೆ ತೆಗೆದುಕೊಂಡರೋ ಅಷ್ಟು ಪಾಲು ಅವರಿಗೆ. ಹೊಸ ಯಂತ್ರವೇ ಅದನ್ನು ಎಣಿಸಿ ಇಡುತ್ತದೆ, ಎತ್ತಿದ ಕರೆಯನ್ನು ಮಾತ್ರ.

"ಮತ್ತ ಎತ್ತದ ಕರೆ?"

"ಎತ್ತದ ಕರೆಯಿಂದ ಯಾರಿಗೂ ಉಪಯೋಗ ಇಲ್ಲ ಅಲ್ರೀ ಬಾಯಾರ. ಅದಕ್ಕೆ ಖರ್ಚೂ ಇಲ್ಲ."

ಆ ಮಾತು ಆಗ ನನಗೂ ಸರಿಯೆಂದೇ ಕಂಡಿತು. ಕೇಳಲು ನ್ಯಾಯವಾಗೇ ಇತ್ತು. ಇನ್ನೊಂದು ಕೆಲಸ ಹಚ್ಚಿದರು. ಕರೆ ಯಾವ ಬಾಬ್ತಿನದು ಎಂದು ನಾನು ಒಂದು ಗುಂಡಿ ಒತ್ತಬೇಕು. ಸಕ್ಕರೆಗೊಂದು, ಕರೆಂಟಿಗೊಂದು, ಸ್ಪಿರಿಟ್ಟಿಗೊಂದು, ಯಾವುದೂ ಅಲ್ಲದಿದ್ದರೆ 'ಖಾಸಗಿ' ಎಂದೊಂದು. ಖಾಸಗಿಯದನ್ನು ಮೇಲಿನವರು ಒಪ್ಪುವುದಿಲ್ಲ, ಅದು ಜಾಸ್ತಿಯಾದರೆ ಬೋರ್ಡೇ ಅನವಶ್ಯಕ ಎನ್ನುತ್ತಾರೆ, ಆಗ ತಾನೇ ಮಾತಾಡುವ ಯಂತ್ರ ಕೂರಿಸಬೇಕಾಗುತ್ತದೆ ಎಂದರು. ಕನ್ನಡಕ್ಕಾಗಿ ಒಂದನ್ನು ಒತ್ತಿ, ಮರಾಠಿಗಾಗಿ ಎರಡನ್ನು ಒತ್ತಿ.

"ಮನಿಯವ್ರಿಗೆ ಎಷ್ಟ ಒತ್ತಬೇಕ್ರಿ?" ಎಂದು ಕೇಳಿದೆ. ಅವರಿಗೆ ತಿಳಿಯಲಿಲ್ಲ.

ಹೆಂಡತಿ ಗಂಡನಿಗೆ ಮಾಡಿದ ಫೋನು ಖಾಸಗಿಯೇ? ಬೋರಗಾಂವದ ಒಬ್ಬಾಕೆ ಬಾಯ್ಲರಿನಲ್ಲಿ ಕೆಲಸ ಮಾಡುವ ಗಂಡನಿಗೆ ದಿನಾ ಮಧ್ಯಾಹ್ನ ಫೋನ್ ಮಾಡಿ ಗುಳಿಗೆ ನುಂಗಿದಿರೋ ಇಲ್ಲವೋ ಎಂದು ಕೇಳುತ್ತಾಳೆ. ಅವನಿಗೆ ಸಕ್ಕರೆ ಕಾಯಿಲೆ. ಗುಳಿಗೆ ಮರೆತು ಅವನು ಬಾಯ್ಲರಿನ ಮುಂದೆ ತಲೆ ತಿರುಗಿ ಬಿದ್ದರೆ ಆಗ ಕರೆಂಟು ನಿಲ್ಲುವುದಿಲ್ಲವೇ? ನಾನು ಅದಕ್ಕೆ ಕರೆಂಟಿನ ಗುಂಡಿಯನ್ನೇ ಒತ್ತಿದೆ. ಖಾಸಗಿ ಎನ್ನುವ ಆ ಗುಂಡಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಯಾರಾದರೂ ಕೇಳಲಿ, ಹೇಳುತ್ತೇನೆ ಎಂದು ಕಾದೆ.

ಆದರೆ ಪೆಟ್ಟು ಬಂದದ್ದು ಆ ಕಡೆಯಿಂದ ಅಲ್ಲ. ಖಾತೆಗಳ ಸಾಹೇಬರೆಲ್ಲ ಸಭೆಯಲ್ಲಿ ಹಂಚಿಕೆಯ ಆಧಾರವನ್ನು ಕೇಳಿಸಿಕೊಂಡು ಹೊರಬಂದರು. ಲೆಕ್ಕದವರು ಹೇಳಿದ್ದರಲ್ಲಿ ಅವರಿಗೆ ಮನದಟ್ಟಾದದ್ದು ಒಂದೇ. ಎತ್ತಿದರೆ ಖರ್ಚು, ಎತ್ತದಿದ್ದರೆ ಇಲ್ಲ. ವರ್ಷದ ಕೊನೆಗೆ ತನ್ನ ಖಾತೆಯ ಖರ್ಚು ಕಡಿಮೆ ತೋರಿಸಿದವನಿಗೆ ಶಾಭಾಸ್‌ಗಿರಿ ಇರುತ್ತದೆ. ಒಬ್ಬರೂ ಕಾಗದದಲ್ಲಿ ಬರೆಯಲಿಲ್ಲ, ಬಾಯಿಂದಲೇ ಹೇಳಿ ಕಳಿಸಿದರು. ಎಲ್ಲರಿಗಿಂತ ಮುಂದೆ ಹೋದವರು ಡಿಸ್ಟಿಲರಿಯ ಸಾಹೇಬರು. ಅವರು ತಮ್ಮ ಜನರನ್ನು ಸಾಲಾಗಿ ನಿಲ್ಲಿಸಿ, ಇನ್ನು ಮೇಲೆ ಗೋಡೆಯ ಫೋನ್ ಯಾರೂ ಎತ್ತಕೂಡದು, ಎತ್ತಿದವರ ಹೆಸರು ನನಗೆ ಬರುತ್ತದೆ ಎಂದರಂತೆ.

ಒಂದು ವಾರದೊಳಗೆ ನನ್ನ ಬೋರ್ಡು ಮೂಕವಾಯಿತು. ಹೊರಗಿನ ಕರೆಗಳು ಬರುತ್ತಲೇ ಇದ್ದವು, ಒಳಗೆ ಎತ್ತುವವರಿಲ್ಲ. ಅಂಗಳದಲ್ಲಿ ಮಾತ್ರ ಓಡಾಟ ಹೆಚ್ಚಿತು. ಪ್ರತಿ ಖಾತೆಯೂ ಒಬ್ಬೊಬ್ಬ ಸಿಪಾಯಿಯನ್ನು ಚೀಟಿ ಕೊಟ್ಟು ಓಡಿಸುತ್ತಿತ್ತು. ಬಾಯ್ಲರಿನಲ್ಲಿ ಉಗಿ ಕಮ್ಮಿಯಾಗಿದೆ ಎಂಬ ಸುದ್ದಿ ಸಕ್ಕರೆ ಮನೆಗೆ ಸೈಕಲ್ ಮೇಲೆ ಹೋಗುತ್ತಿತ್ತು. ಅದು ತಲುಪುವಷ್ಟರಲ್ಲಿ ಪಾಕ ಕೆಟ್ಟಿರುತ್ತಿತ್ತು. ಕೆಟ್ಟ ಪಾಕಕ್ಕೆ ಫೋನಿನ ಖರ್ಚು ಬೀಳುವುದಿಲ್ಲವಲ್ಲ, ಎಲ್ಲರೂ ಖುಷಿಯಾಗಿದ್ದರು. ನನಗೆ ಮೊದಮೊದಲು ನಗು ಬಂತು. ನಾನು ಕೂಡ ಮನೆಯಲ್ಲಿ ಇದನ್ನು ಅಭಿನಯ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದ್ದೇನೆ.

ಹೆಂಗಸರ ಫೋನು ಬಂದಾಗ ನಗು ಬರುತ್ತಿರಲಿಲ್ಲ. "ಯಾಕ್ರಿ ಅಕ್ಕಾರ, ಎತ್ತವಲ್ರಲ್ಲ?" ಎಂದು ಕೇಳುತ್ತಿದ್ದರು. ಏನು ಹೇಳಲಿ? ಕೆಲಸದಲ್ಲಿದ್ದಾರೆ ಎನ್ನುತ್ತಿದ್ದೆ. ನಾನು ಇಷ್ಟು ವರ್ಷ ಬೋರ್ಡಿನಲ್ಲಿ ಸುಳ್ಳು ಹೇಳಿದವಳಲ್ಲ. ಸಾಹೇಬರು ಮನೆಯಲ್ಲೇ ಇದ್ದು ಇಲ್ಲವೆನ್ನು ಎಂದರೂ "ಇಲ್ಲ ಅನ್ನಾಕ ಹೇಳ್ಯಾರ್ರಿ" ಎಂದೇ ಹೇಳುತ್ತಿದ್ದವಳು. ಈಗ ದಿನವೂ ಸುಳ್ಳು ಹೇಳಬೇಕಾಯಿತು. ಅದರಿಂದ ನನ್ನ ಸಿಟ್ಟು ಒಳಗೊಳಗೇ ಕುದಿಯತೊಡಗಿತು.

ಆಮೇಲೆ ಕುಡಚಿಯಿಂದ ಆ ಫೋನು ಬಂತು.

ಊಟದ ಡಬ್ಬಿ ಬಿಚ್ಚಿದ್ದೆ. ದನಿ ಗುರುತಿನದೇ. ಡಿಸ್ಟಿಲರಿಯಲ್ಲಿ ಕೆಲಸ ಮಾಡುವ ಕುಡಚಿಯವನ ಹೆಂಡತಿ. ಮುಸಲ್ಮಾನರ ಮನೆ, ಅವನ ಅಪ್ಪ ಸ್ಟೇಷನ್ ಹತ್ತಿರ ತರಕಾರಿ ವ್ಯಾಪಾರ ಮಾಡುತ್ತಿದ್ದ. ಆಕೆ ಯಾವಾಗಲೂ ಮೊದಲು ನನ್ನ ಆರಾಮ ಕೇಳಿ ಆಮೇಲೆ ತನ್ನ ಮಾತಿಗೆ ಬರುವವಳು. ಅವತ್ತು ಕೇಳಲಿಲ್ಲ.

"ಅಕ್ಕಾರ, ನಮ್ಮ ಅತ್ತಿ ಎದಿ ಹಿಡಕೊಂಡ ಕುಂತಾಳ್ರಿ. ಮಿರಜಕ್ಕ ಒಯ್ಯಾಕ ಗಾಡಿ ಕರ್ಯಾಕ ಹೋಗ್ಯಾರ. ಇವ್ರನ್ನ ಕೇಳಾಕತ್ತಾಳ್ರಿ. ಜಲ್ದಿ ಕೊಡ್ರಿ, ಒಂದ ಮಾತ ಆಡಿಸ್ತೀನಿ."

ಹಿಂದೆ ಮುದುಕಿಯ ದನಿ ನನಗೇ ಕೇಳಿಸುತ್ತಿತ್ತು. ಮಗನ ಹೆಸರು ಹಿಡಿದು ಕರೆಯುತ್ತಿದ್ದಳು, ಅವನು ಪಕ್ಕದ ಕೋಣೆಯಲ್ಲಿದ್ದಾನೆ ಎನ್ನುವ ಹಾಗೆ. ಆ ಫೋನನ್ನು ಮುದುಕಿಯ ಕಿವಿಗೆ ಹಿಡಿದರೆ ಸಾಕಿತ್ತು.

ಡಿಸ್ಟಿಲರಿಗೆ ಜೋಡಿಸಿದೆ. ಗಂಟೆ ಬಡಿಯುವುದು ನನ್ನ ಕಿವಿಗೆ ಬರುತ್ತದೆ. ಬಡಿದು ಬಡಿದು ನಿಂತಿತು. ಮತ್ತೆ ಹಾಕಿದೆ. ಮತ್ತೆ ನಿಂತಿತು. ಡಿಸ್ಟಿಲರಿಯ ಗೇಟಿಗೆ ಹಾಕಿದೆ, ಅಲ್ಲಿಗೂ ಅದೇ ಅಪ್ಪಣೆ ಹೋಗಿತ್ತು. ಸಾಹೇಬರ ಕೋಣೆಗೆ ಹಾಕಿದೆ, ಊಟಕ್ಕೆ ಹೋಗಿದ್ದರು, ಅವರ ಮೊಬೈಲಿಗೆ ಮಾಡಿದರೆ ಅದನ್ನೂ ಎತ್ತಲಿಲ್ಲ. ಆಮೇಲಾಮೇಲೆ ಡಿಸ್ಟಿಲರಿಯ ಗಂಟೆಯ ಸದ್ದು ಮಂದವಾದಂತೆ ನನಗೆ ಕೇಳಿಸಿತು. ಕಿವಿಯ ಭ್ರಮೆ ಎಂದುಕೊಂಡೆ. ಈ ಕಡೆ ಆಕೆ "ಎತ್ತಿದ್ರೇನ್ರಿ? ಎತ್ತಿದ್ರೇನ್ರಿ?" ಎಂದು ಕೇಳುತ್ತಲೇ ಇದ್ದಳು. ಕೊನೆಗೆ ಗಾಡಿ ಬಂತು ಎಂದು ಯಾರೋ ಕೂಗಿದರು, ಫೋನು ಕಟ್ಟಾಯಿತು.

ಬೋರ್ಡು ಬಿಟ್ಟು ಏಳಬಾರದು ಎಂಬ ನಿಯಮವಿದೆ. ಎಲ್ಲಿ ಬೆಂಕಿ ಬಿದ್ದರೂ ಮೊದಲ ಫೋನು ಅಲ್ಲಿಗೇ ಬರುವುದರಿಂದ ಆ ನಿಯಮವನ್ನು ನಾನು ಮುರಿದವಳಲ್ಲ. ಆದರೆ ನನ್ನ ಮೇಜಿನ ಮೇಲೆ ಒಂದು ಮೈಕೂ ಇದೆ. ಕಬ್ಬಿನ ಯಾರ್ಡಿನಲ್ಲಿ ಟ್ರ್ಯಾಕ್ಟರುಗಳ ಸಾಲು ನಿಂತಿರುತ್ತದಲ್ಲ, ಯಾವ ನಂಬರಿನ ಗಾಡಿ ತೂಕಕ್ಕೆ ಬರಬೇಕೆಂದು ಅದರಲ್ಲಿ ಕೂಗುತ್ತೇನೆ. ಅದು ಕಬ್ಬಿಗೆ ಮಾತ್ರ. ಬೇರೆ ಮಾತಿಗೆ ಬಳಸಕೂಡದು ಎಂದು ಗೋಡೆಯ ಮೇಲೆ ಬರೆದು ಅಂಟಿಸಿದ್ದಾರೆ.

ಅದನ್ನು ಓದುತ್ತಲೇ ಮೈಕಿನ ಗುಂಡಿ ಒತ್ತಿದೆ.

"ಯಾರ್ಡಿನ್ಯಾಗ ಇದ್ದಾವ್ರ ಎಲ್ಲಾರೂ ಕೇಳ್ರಿ. ಡಿಸ್ಟಿಲರ್ಯಾಗ ಕುಡಚಿಯವ್ರು ಒಬ್ರ ಅದಾರ, ಅವರ ತಾಯಿಗೆ ಆರಾಮಿಲ್ಲ, ಮಿರಜಕ್ಕ ಒಯ್ಯಾಕತ್ತಾರ. ಡಿಸ್ಟಿಲರಿಯವ್ರು ಫೋನ್ ಎತ್ತವಲ್ರು. ಎತ್ತಿದ್ರ ಖರ್ಚ ತಮ್ಮ ತಲೀ ಮ್ಯಾಲ ಬರ್ತೈತಿ ಅಂತ ಅಂಜ್ಯಾರ. ಯಾರರ ಹೋಗಿ ಗೇಟ್ ಬಡೀರಿ, ಅವ್ರನ್ನ ಹೊರಗ ಕಳಸ್ರಿ."

ಇದನ್ನೇ ಮರಾಠಿಯಲ್ಲೂ ಹೇಳಿದೆ. ಮರಾಠಿಯಲ್ಲಿ ಹೇಳುವಾಗ ಇನ್ನೂ ಎರಡು ಮಾತು ಜಾಸ್ತಿಯೇ ಬಂದವು, ಅವನ್ನು ಇಲ್ಲಿ ಬರೆಯುವುದಿಲ್ಲ.

ಕಿಟಕಿಯಿಂದ ನೋಡಿದರೆ ಯಾರ್ಡಿನಲ್ಲಿ ಜನ ಎದ್ದು ನಿಂತಿದ್ದರು. ನೆರಳಿಗೆ ಮಲಗಿದ್ದವರು, ಇಸ್ಪೀಟು ಆಡುತ್ತಿದ್ದವರು, ಎಲ್ಲರೂ. ಒಬ್ಬ ಅಥಣಿ ಕಡೆಯ ರೈತ ತನ್ನ ಪಾಳಿ ಬಿಟ್ಟುಕೊಟ್ಟು, ಕಬ್ಬು ತುಂಬಿದ ಟ್ರ್ಯಾಕ್ಟರನ್ನೇ ಸಾಲಿನಿಂದ ತೆಗೆದು ಡಿಸ್ಟಿಲರಿಯ ಗೇಟಿನ ಮುಂದೆ ಒಯ್ದು ನಿಲ್ಲಿಸಿ, ಹಾರ್ನ್ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಉಳಿದವರು ಗೇಟು ಬಡಿದರು. ಸ್ವಲ್ಪ ಹೊತ್ತಿನಲ್ಲಿ ಆ ಮನುಷ್ಯ ಬರಿಗಾಲಲ್ಲಿ ಓಡಿ ಬಂದದ್ದು ಕಂಡಿತು. ಯಾರೋ ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದರು. ನನಗೆ ಹೆದರಿಕೆ ಇರಲಿಲ್ಲ, ಇದನ್ನು ಹೇಳಿಬಿಡುತ್ತೇನೆ. ಅಂಥ ಸಿಟ್ಟು ನನಗೆ ಅದಕ್ಕೆ ಮುಂಚೆ ಬಂದಿರಲಿಲ್ಲ.

ಅವನು ಮಿರಜ ಮುಟ್ಟುವ ಹೊತ್ತಿಗೆ ತಾಯಿಯ ಮಾತು ನಿಂತುಹೋಗಿತ್ತು. ಕಣ್ಣು ತೆರೆದೇ ಇದ್ದಳಂತೆ, ಆದರೆ ಗುರುತು ಹಿಡಿದಳೋ ಇಲ್ಲವೋ ಗೊತ್ತಾಗಲಿಲ್ಲ. ಮರುದಿನ ಹೋದಳು.

ನನಗೆ ನೋಟೀಸು ಬಂತು. ಮೈಕಿನ ದುರುಪಯೋಗ, ರೈತರ ಮುಂದೆ ಕಾರ್ಖಾನೆಯ ಮಾನ ಕಳೆದದ್ದು, ಗೇಟಿನ ಮುಂದೆ ಗಲಾಟೆ ಎಬ್ಬಿಸಿದ್ದು. ಎಂ.ಡಿ. ಸಾಹೇಬರ ಕೋಣೆಗೆ ಕರೆದರು. ಅವರು ಮೇಜಿನ ಹಿಂದೆ, ಒಂದು ಬದಿಗೆ ಡಿಸ್ಟಿಲರಿಯ ಸಾಹೇಬರು, ಇನ್ನೊಂದು ಬದಿಗೆ ಲೆಕ್ಕದವರು. ನನಗೂ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

ಡಿಸ್ಟಿಲರಿಯ ಸಾಹೇಬರು ಬಹಳ ತಣ್ಣಗೆ ಮಾತಾಡಿದರು. "ಫೋನ್ ಬಂದೇ ಇಲ್ರಿ ಸರ್. ಬಂದಿದ್ರ ನಮ್ಮ ಹುಡುಗ್ರು ಎತ್ತೋದಿಲ್ಲೇನು? ಎತ್ತಬ್ಯಾಡ ಅಂತ ನಾ ಯಾವಾಗ ಅಂದೀನಿ? ಒಂದ ಆ ಹೊಸ ಮಶೀನ್ ಕೆಟ್ಟಿರಬೇಕು, ಇಲ್ಲಾ ಈ ಬಾಯಿ ಸುಳ್ಳ ಹೇಳಾಕತ್ತಿರಬೇಕು. ಎರಡ್ರಾಗ ಯಾವ್ದಾದ್ರೂ ಆ ಬೋರ್ಡ್ ತಗದ ಹಾಕೋದ ಚಲೋ."

ಎಂ.ಡಿ. ಸಾಹೇಬರು ಲೆಕ್ಕದವರ ಕಡೆ ನೋಡಿದರು. ಲೆಕ್ಕದವರು ಹಣೆ ಒರೆಸಿಕೊಂಡರು. ಯಂತ್ರ ಎತ್ತಿದ ಕರೆಯನ್ನು ಮಾತ್ರ ಎಣಿಸುತ್ತದೆ, ಎತ್ತದಿದ್ದದ್ದು ಅದರಲ್ಲಿ ಬರುವುದಿಲ್ಲ, ಬಂದಿತ್ತೋ ಇಲ್ಲವೋ ತನಗೆ ಹೇಳಲಾಗದು ಎಂದರು. ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ಎತ್ತದ ಫೋನಿಗೆ ಖರ್ಚೂ ಇಲ್ಲ, ಸಾಕ್ಷಿಯೂ ಇಲ್ಲ. ನಾನು ಸುಳ್ಳಿ, ಬೋರ್ಡು ಕೆಟ್ಟದ್ದು, ನಾಳೆಯಿಂದ ಕುಡಚಿ, ಬೋರಗಾಂವ, ಭೋಜದ ಹೆಂಗಸರಿಗೆ ಒಂದು ಒತ್ತಿ ಎರಡು ಒತ್ತಿ ಎನ್ನುವ ಯಂತ್ರ.

"ಬಾಯಾರ, ತಪ್ಪಾತು ಅಂತ ಬರದ ಕೊಡ್ರಿ. ಮುಗಸೋಣು" ಎಂದರು ಎಂ.ಡಿ. ಸಾಹೇಬರು. ಅವರೂ ಕೆಟ್ಟವರಲ್ಲ, ಬೇಗ ಮುಗಿದರೆ ಸಾಕು ಎನ್ನುವ ಜಾತಿ.

"ನಾ ಬರ್ಯಾಂಗಿಲ್ರಿ. ಗಂಟಿ ಬಡೀತು. ನಾನ ಬಡಿಸೀನಿ. ಬ್ಯಾಡ ಅಂತ ಯಾರ ಹೇಳ್ಯಾರ ಅಂತ ಡಿಸ್ಟಿಲರಿಯೊಳಗ ಕೆಲಸ ಮಾಡೋ ಯಾರನ್ನರ ಕರದ ಕೇಳ್ರಿ."

ಡಿಸ್ಟಿಲರಿಯ ಸಾಹೇಬರು ನಕ್ಕು, ಕರೆಯಿರಿ, ಯಾರನ್ನು ಬೇಕಾದರೂ ಕರೆಯಿರಿ ಎಂದರು. ತಮ್ಮ ಜನ ತಮ್ಮ ಮುಂದೆ ಬಾಯಿ ಬಿಡುವುದಿಲ್ಲ ಎಂಬ ಭರವಸೆ. ಅವತ್ತು ಕುಡಚಿಯವನು ತಾಯಿಯ ಮೂರನೆಯ ದಿನದ ಕಾರ್ಯ, ಜಿಯಾರತ್, ಮುಗಿಸಿ ಕೆಲಸಕ್ಕೆ ಬಂದಿದ್ದ. ಎಂ.ಡಿ. ಸಾಹೇಬರು ಅವನನ್ನೇ ಕರೆಸಿದರು. ನನಗೆ ಅದು ಬೇಡವಾಗಿತ್ತು. ತಾಯಿಯನ್ನು ಮಣ್ಣು ಮಾಡಿ ಬಂದವನನ್ನು ಇಂಥ ಪಂಚಾಯಿತಿಗೆ ಎಳೆಯುವುದು ಸರಿಯಲ್ಲ ಎಂದೂ ಹೇಳಿದೆ. ಯಾರೂ ಕೇಳಲಿಲ್ಲ.

ಅವನು ಬಾಗಿಲ ಹತ್ತಿರವೇ ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಊದಿದ್ದವು. ಅವತ್ತು ಫೋನ್ ಬಂದಿತ್ತೇ ಎಂದು ಎಂ.ಡಿ. ಸಾಹೇಬರು ಕೇಳಿದರು. ಅವನು ತನ್ನ ಸಾಹೇಬರ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಇವನಿಗೇನು ಗೊತ್ತು, ಒಳಗೆಲ್ಲೋ ಕೆಲಸದಲ್ಲಿದ್ದಿರಬೇಕು, ಗೊತ್ತಿಲ್ಲ ಎಂದು ಹೇಳಿ ಹೋಗಿಬಿಡುತ್ತಾನೆ ಎಂದು ನಾನು ಅಂದುಕೊಂಡೆ.

"ಬಂದಿತ್ರಿ" ಎಂದ. "ನಾನ ಬಾಜೂಕ ನಿಂತಿದ್ನಿ."

ಅವನೇ ಮುಂದುವರಿಸಿದ.

"ಮೊದಲ ಬಡದಾಗ ಎತ್ತಾಕ ಕೈ ಹಾಕಿದ್ನ್ರಿ. ಎತ್ತಿದಾವ್ರ ಹೆಸರ ಬರ್ತೈತಿ ಅಂತ ಸಾಹೇಬ್ರ ಹೇಳಿದ್ರಲ್ಲ, ಅಂಜಿ ಕೈ ಹಿಂದ ತಗೊಂಡೆ. ಅದು ನಿಲ್ಲವಲ್ದು. ಬಡಕೊಂತ ಬಡಕೊಂತನ ಇತ್ತು. ಯಾವ ಮಂದಿಪಾ ಇವ್ರು, ತಲಿ ತಿನ್ನಾಕತ್ತಾರ ಅಂತ ಬೈದು, ಒಂದ ಗೋಣಿಚೀಲ ತಂದು ಗಂಟಿ ಮ್ಯಾಲ ಸುತ್ತಿದ್ನ್ರಿ. ನಾನ ಸುತ್ತಿದ್ನಿ. ನಮ್ಮ ಅಮ್ಮಾ ಆಗ ಇನ್ನೂ ಮಾತಾಡಾಕತ್ತಿದ್ಳಂತ್ರಿ."

ಇಷ್ಟು ಹೇಳಿ ಅವನು ಅಲ್ಲೇ ಕೆಳಗೆ ಕೂತುಬಿಟ್ಟ. ನಾನು ಹೋಗಿ ಅವನ ಭುಜ ಹಿಡಿದೆ. ನನ್ನ ಸ್ವಂತ ತಾಯಿ ಸತ್ತಾಗಲೂ ಹೊರಗಿನವರ ಮುಂದೆ ಅಳದ ನಾನು ಅಲ್ಲಿ ಅತ್ತೆ, ಆ ಸಾಹೇಬರ ಮುಂದೆಯೇ. ಅತ್ತದ್ದಕ್ಕೆ ನನಗೆ ನಾಚಿಕೆ ಇಲ್ಲ. ಕೂತು ನೋಡುತ್ತಿದ್ದವರಿಗೆ ಆಗಬೇಕಿತ್ತು.

ಲೆಕ್ಕದವರು ಎದ್ದು ನಿಂತು, ಹಂಚಿಕೆಯ ಆಧಾರವನ್ನು ತಾನು ಬದಲಿಸುತ್ತೇನೆ, ಎಷ್ಟು ಕರೆ ಎತ್ತಿದರು ಎಂಬುದರ ಮೇಲಲ್ಲ, ಯಾವ ಖಾತೆಯ ಗೋಡೆಗೆ ಎಷ್ಟು ಫೋನಿವೆಯೋ ಅದರ ಮೇಲೆ ಎಂದರು. ಎತ್ತಿದರೂ ಅಷ್ಟೇ, ಎತ್ತದಿದ್ದರೂ ಅಷ್ಟೇ. ಮೇಲಿನವರು ಒಪ್ಪುತ್ತಾರೋ ಎಂದು ಎಂ.ಡಿ. ಸಾಹೇಬರು ಕೇಳಿದ್ದಕ್ಕೆ, ಒಪ್ಪದಿದ್ದರೆ ನಾನು ಹೋಗಿ ಹೇಳುತ್ತೇನೆ ಎಂದರು. ಅವರು ದನಿ ಏರಿಸಿದ್ದನ್ನು ನಾವು ಕೇಳಿದ್ದು ಅದೊಂದೇ ಸಲ. ಮೇಲಿನವರು ಒಪ್ಪಿದರು. ಗೋಡೆಯ ಫೋನುಗಳನ್ನು ಮತ್ತೆ ಎತ್ತತೊಡಗಿದರು, ಬೋರ್ಡು ಉಳಿಯಿತು. ಡಿಸ್ಟಿಲರಿಯ ಸಾಹೇಬರೂ ಉಳಿದರು. ಅಂಥವರು ಉಳಿಯುತ್ತಾರೆ. ನನ್ನ ಒಂದು ಬಡ್ತಿ ನಿಂತಿತು, ತಪ್ಪೊಪ್ಪಿಗೆ ಬರೆದುಕೊಡಲಿಲ್ಲವೆಂದು. ನಿಲ್ಲಲಿ. ಮತ್ತೆ ಎತ್ತದಿದ್ದರೆ ಮತ್ತೆ ಮೈಕಿನಲ್ಲಿ ಕೂಗುತ್ತೇನೆ ಎಂದೇ ಬರೆದುಕೊಟ್ಟಿದ್ದೇನೆ.

ಗೋಣಿಚೀಲದ ಮಾತು ಆ ಕೋಣೆಯಲ್ಲೇ ಉಳಿಯಲಿಲ್ಲ. ಬಾಗಿಲಾಚೆ ಸಿಪಾಯಿಗಳಿರುತ್ತಾರೆ, ಕುಡಚಿಗೆ ಬಸ್ಸಿದೆ. ತಾಯಿ ಕರೆಯುತ್ತಿದ್ದರೆ ಮಗನೇ ಗಂಟೆಯ ಬಾಯಿ ಕಟ್ಟಿದನಂತೆ ಎಂದು ಚಹಾದ ಅಂಗಡಿಯಲ್ಲೂ ಮಾತಾಯಿತು. ಯಾರು ಅಪ್ಪಣೆ ಕೊಟ್ಟರು ಎಂಬುದನ್ನು ಯಾರೂ ಮಾತಾಡಲಿಲ್ಲ. ಎಲ್ಲವನ್ನೂ ಅವನೊಬ್ಬನ ತಲೆಗೆ ಹಚ್ಚಿ ಕೈ ತೊಳೆದುಕೊಂಡಿದ್ದರು.

ನಲವತ್ತನೆಯ ದಿನದ ಕಾರ್ಯ ಆದ ಮೇಲೆ ಅವನ ಹೆಂಡತಿಯ ಫೋನು ಬಂತು. ಗಂಡನಿಗೆ ಕೊಡಿ ಎನ್ನಲಿಲ್ಲ. ನನ್ನ ಹತ್ತಿರವೇ ಮಾತಾಡಬೇಕು ಎಂದಳು.

"ಅಕ್ಕಾರ, ಗಂಟಿಗೆ ಚೀಲ ಸುತ್ತಿದಾವ್ರು ಇವ್ರ ಅಂತ. ಊರೆಲ್ಲಾ ಅನ್ನಾಕತ್ತೈತಿ. ಇವ್ರು ಮನ್ಯಾಗ ಮಾತ ಬಿಟ್ಟಾರ, ಉಣ್ಣವಲ್ರು. ನೀವರ ಹೇಳ್ರಿ, ಖರೇನ?"

ನನ್ನ ಕೋಣೆಯ ಬಾಗಿಲು ತೆಗೆದೇ ಇತ್ತು. ಹೊರಗೆ ಪಡಸಾಲೆಯಲ್ಲಿ ಡಿಸ್ಟಿಲರಿಯ ಸಾಹೇಬರು ಯಾರೊಂದಿಗೋ ನಿಂತು ಚಹಾ ಕುಡಿಯುತ್ತಿದ್ದರು.

"ಖರೇ ಐತೆವ್ವಾ" ಎಂದೆ. "ಚೀಲ ಅವ್ರ ಸುತ್ಯಾರ. ಸುತ್ತಿಸಿದಾವ್ರು ಬ್ಯಾರೆ ಅದಾರ. ನಿಮ್ಮ ಅತ್ತೀ ಕಡೀ ಮಾತು ಕೈ ತಪ್ಪಿದ್ದನ್ನ ನಿಮ್ಮ ಮನಿಯವ್ರ ತಲೀ ಮ್ಯಾಲ ಹಚ್ಚಬ್ಯಾಡ. ಅದು ಡಿಸ್ಟಿಲರಿ ಸಾಹೇಬ್ರ ಬಾಬ್ತು."

ಪಡಸಾಲೆಯಲ್ಲಿ ಮಾತು ನಿಂತಿತು. ಕಪ್ಪು ಕೆಳಗಿಟ್ಟ ಸದ್ದೂ ಕೇಳಿಸಿತು.

"ಇನ್ನೊಮ್ಮೆ ಹೇಳ್ರಿ ಅಕ್ಕಾರ, ಇವ್ರಿಗೆ ಹಂಗಽ ಹೇಳ್ತೀನಿ" ಎಂದಳು ಆಕೆ.

ಇನ್ನೊಮ್ಮೆ ಹೇಳಿದೆ, ಮೊದಲಿನದಕ್ಕಿಂತ ಗಟ್ಟಿಯಾಗಿ.